ಮುಟ್ಟಿ ಎಣಿಸಬಾರದು

ನನಗೆ ಶಾಲು ಕಂಡರೆ ಆಗುವುದಿಲ್ಲ. ಚಳಿಗೆ ಹೊದೆಯುವ ಶಾಲಲ್ಲ, ಸನ್ಮಾನಕ್ಕೆ ಹೊದಿಸುವ ಶಾಲು. ಮೈಕು ಹಿಡಿದವನೊಬ್ಬ ‘ಇವರು ನಮಗೆಲ್ಲ ಸ್ಫೂರ್ತಿ’ ಎಂದು ಶುರುಮಾಡುತ್ತಾನೆ, ಇನ್ನೊಬ್ಬ ಹಿಂದಿನಿಂದ ಬಂದು ಹೆಗಲ ಮೇಲೆ ಎಸೆಯುತ್ತಾನೆ, ಮೂರನೆಯವನು ಫೋಟೋ ಹೊಡೆಯುತ್ತಾನೆ. ಹುಟ್ಟಿದಾಗಿನಿಂದ ನನಗೆ ಸೊಂಟದ ಕೆಳಗೆ ಬಲವಿಲ್ಲ. ವೀಲ್‌ಚೇರಿನಲ್ಲಿ ಓಡಾಡುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾದೆ ಅಂತ ಶಾಲು, ಡಿಗ್ರಿ ಮುಗಿಸಿದೆ ಅಂತ ಶಾಲು, ಲಗ್ನಪತ್ರಿಕೆ ಡಿಸೈನ್ ಮಾಡುವ ಅಂಗಡಿ ಇಟ್ಟೆ ಅಂತಲೂ ಶಾಲು. ಹಾಸನದಲ್ಲಿ ಅಂಗಡಿ ಇಟ್ಟವರೇನು ಕಡಿಮೆಯೆ? ಅವರಿಗ್ಯಾಕೆ ಯಾರೂ ಹೊದಿಸಲಿಲ್ಲ? ನಮ್ಮ ಬೀರುವಿನ ಒಂದು ಖಾನೆ ಪೂರ್ತಿ ಈ ದರಿದ್ರ ಶಾಲುಗಳೇ ಇವೆ.

ಅದಕ್ಕೇ ಕೀರ್ತಿರಾಜ್ ನಮ್ಮ ಮನೆಗೆ ಬಂದು, ‘ನಿಧಿ ಮೇಡಂ, ಈ ವರ್ಷದ ಮಣೆಯಾಟ ಮೇಳಕ್ಕೆ ನೀವೂ ಕಮಿಟಿಗೆ ಬರ್ಬೇಕು’ ಎಂದಾಗ ನಾನು ಮೊದಲು ಕೇಳಿದ ಪ್ರಶ್ನೆಯೇ ಅದು.

‘ಶಾಲು ಇದೆಯಾ?’

‘ಇಲ್ಲ ಇಲ್ಲ, ಶಾಲು ಗೀಲು ಏನಿಲ್ಲ,’ ಎಂದು ಅವರು ಎರಡೂ ಕೈ ಅಲ್ಲಾಡಿಸಿದರು. ‘ಹೋದ ವರ್ಷ ಮೆಟ್ಟಿಲ ಕೆಳಗೆ ಕೂತ್ಕೊಂಡು ನನ್ ಮಾನ ಹರಾಜಾಕಿದ್ರಲ್ಲ, ಅದಕ್ಕೇ ಬಂದೆ. ಬೈದೋರೇ ಸರಿ ಮಾಡ್ಕೊಡಿ ಅಂತ.’

ಅದು ನಿಜ. ಕೀರ್ತಿರಾಜ್ ಆಟಿಕೆ ಸಾಮಾನಿನ ಅಂಗಡಿಯವರು. ಮೇಜಿನ ಮೇಲೆ ಆಡುವ ಆಟವೆಂದರೆ ಅವರಿಗೆ ಹುಚ್ಚು. ಕೇರಂ, ಚೆಸ್ಸು, ಚೌಕಾಬಾರ, ಹುಲಿಕುರಿ, ಅಳಗುಳಿ ಮಣೆ, ಜೊತೆಗೆ ಈಗಿನ ಹುಡುಗರು ಪೆಟ್ಟಿಗೆಯಿಂದ ತೆಗೆದು ಅರ್ಧ ದಿನ ಆಡುವ ಹೊಸ ಆಟಗಳು, ಎಲ್ಲವನ್ನೂ ಒಂದೇ ಸೂರಿನಡಿ ಆಡಿಸುವ ಮೇಳವನ್ನು ಹೋದ ವರ್ಷ ಸಾಲಗಾಮೆ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಮಾಡಿದ್ದರು. ಆಸೆಪಟ್ಟು ಹೋದರೆ ಮುಂದೆ ಆಳೆತ್ತರದ ಮೆಟ್ಟಿಲು. ‘ನಾಲ್ಕು ಜನ ಎತ್ಕೊಂಡು ಹೋಗ್ತೀವಿ ಬನ್ನಿ’ ಎಂದರು. ನಾನೇನು ಅಕ್ಕಿ ಮೂಟೆಯೇ ಎಂದು ಕೂಗಾಡಿ ಬಂದಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ.

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕೀರ್ತಿರಾಜ್ ಪ್ರಾಣ ತಿಂದೆ. ಮಂಟಪದ ಪಕ್ಕದ ಬಾಗಿಲಿಗೆ ಇಳಿಜಾರು ಹಾಕಿಸಿದೆ. ಮೊದಲು ಹಾಕಿದ್ದು ಜಾರುಬಂಡೆಯ ಹಾಗಿತ್ತು, ಕೀಳಿಸಿ ಮತ್ತೆ ಹಾಕಿಸಿದೆ. ಟಾಯ್ಲೆಟ್ಟಿನ ಬಾಗಿಲು ತೆಗೆಸಿ ಅಗಲದ ಬಾಗಿಲು ಕೂರಿಸಿದೆ. ಮೇಜುಗಳ ನಡುವೆ ನನ್ನ ಗಾಡಿ ತಿರುಗುವಷ್ಟು ಜಾಗ ಬಿಡಿಸಿದೆ. ಹೆಣ್ಣುಮಕ್ಕಳ ಜೊತೆ ಯಾರಾದರೂ ತಲೆಹರಟೆ ಮಾಡಿದರೆ ನೇರ ನನ್ನ ಹತ್ತಿರ ಬರಲಿ ಎಂದು ನನ್ನ ಫೋನ್ ನಂಬರನ್ನು ಪೋಸ್ಟರಿನಲ್ಲೂ ಟಾಯ್ಲೆಟ್ಟಿನ ಒಳಗೂ ಅಂಟಿಸಿದೆ. ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಕಡೆಯ ಜೈನರು ಬರುತ್ತಾರೆಂದು ಈರುಳ್ಳಿ ಆಲೂಗಡ್ಡೆ ಇಲ್ಲದ ಊಟ, ಅದೂ ಹೊತ್ತು ಮುಳುಗುವ ಮುಂಚೆ. ಅಡುಗೆ ಭಟ್ಟರು ಗೊಣಗಿದರು, ನಾನು ಬಿಡಲಿಲ್ಲ. ‘ಎಲ್ಲರಿಗೂ ಆಟ’ ಎಂದು ದೊಡ್ಡದಾಗಿ ಬ್ಯಾನರು ಡಿಸೈನ್ ಮಾಡಿದವಳೂ ನಾನೇ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಅಳಗುಳಿ ಮಣೆಗೆ ಅಂಪೈರೂ ನಾನೇ ಆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮರದ ಮಣೆ, ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ, ಗುಳಿಗಳಲ್ಲಿ ಹುಣಸೆಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು, ಕೈ ಬರಿದಾದಲ್ಲಿ ಮುಂದಿನ ಗುಳಿ ಎತ್ತಿ ಮತ್ತೆ ಹಾಕಬೇಕು. ಯಾವ ಗುಳಿಯಲ್ಲಿ ಶುರುಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮುಂದಾಗಿ ತಿಳಿಯುವುದೇ ಜಾಣತನ. ಆದರೆ ಬೀಜ ಮುಟ್ಟಿ ಎಣಿಸುವಂತಿಲ್ಲ. ನಮ್ಮಜ್ಜಿಯೂ ಗುಳಿಯೊಳಗೆ ಬೆರಳು ಆಡಿಸಿದರೆ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. ಹೋದ ವರ್ಷದ ಮೇಳದಲ್ಲಿ ಕೊರವಂಗಲದ ಇಬ್ಬರು ಹೆಂಗಸರು ‘ಎಣಿಸಿದೆ’, ‘ಎಣಿಸಿಲ್ಲ’ ಎಂದು ಜುಟ್ಟು ಹಿಡಿಯುವ ಹಂತಕ್ಕೆ ಹೋಗಿದ್ದರಂತೆ. ಹಾಗಾಗಿ ಈ ಸಲ ನಿಯಮ ಖಡಕ್ಕಾಗಿ ಅಚ್ಚು ಹಾಕಿದೆ: ಮುಟ್ಟಿ ಎಣಿಸಬಾರದು, ಗುಳಿಗೆ ಬೆರಳಿಟ್ಟರೆ ಅದನ್ನೇ ಆಡಬೇಕು.

ಮೇಳಕ್ಕೆ ವಾರವಿದ್ದಾಗ ಚನ್ನರಾಯಪಟ್ಟಣದಿಂದ ಒಂದು ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ.

‘ಅಳಗುಳಿ ಮಣೆ ಆಡುಸ್ತೀರಂತಲ್ಲ ಕಣವ್ವಾ. ಪಣ ಗಿಣ ಕಟ್ಟಂಗಿಲ್ಲ ತಾನೆ? ನಮ್ಮಲ್ಲಿ ಪಣ ಕಟ್ಟಿ ಆಡಂಗಿಲ್ಲ. ನಾವು ಜೈನರು.’

‘ಪಣ ಇಲ್ಲಮ್ಮ, ಬರೀ ಆಟ. ಯಾರು ಮಾತಾಡ್ತಿರೋದು?’

‘ಮರುದೇವಿ ಅಂತ. ಇಲ್ಲೇ ಸ್ಟೀಲ್ ಪಾತ್ರೆ ಅಂಗಡಿ ಅರಿಹಂತ್ ಅಂತ ಅವ್ನಲ್ಲ, ಅವ್ನ ತಾಯಿ.’ ದನಿ ಇನ್ನೂ ತಗ್ಗಿಸಿ, ‘ನಂಗೆ ಕಣ್ಣು ಕಾಣಲ್ಲ ಕಣವ್ವಾ. ಸಕ್ಕರೆ ಕಾಯ್ಲೆಗೆ ಹೊಂಟೋದ್ವು. ಬಸದಿಗೆ ಒಂದು ಬಿಟ್ರೆ ಹೊಸ್ತ್ಲು ದಾಟಿ ಭಾಳ ವರ್ಸ ಆಯ್ತು,’ ಎಂದರು.

‘ಬನ್ನಿ ಅಮ್ಮ, ಖಂಡಿತ ಬನ್ನಿ.’

‘ನನ್ ಮಗ ಒಳ್ಳೇವ್ನೇ. ಎಲ್ಲಾರ ಬಿದ್ದುಗಿದ್ದಾರು, ಜನ ನಕ್ಕಾರು ಅಂತ ಅವನಿಗೆ ಹೆದ್ರಿಕೆ. ಅತ್ತೂ ಕರೆದೂ ಒಪ್ಪುಸಿವ್ನಿ. ಇದೊಂದು ಸಲ ಕರ್ಕಂಡೋಯ್ತೀನಿ, ಅಲ್ಲೇನಾರ ಎಡವಟ್ಟಾದ್ರೆ ಆಮೇಲೆ ಎಲ್ಲಿಗಾರ ಓಗ್ಬೇಕು ಅಂತ ಬಾಯಿ ಬಿಡಬಾರ್ದು ಅಂದವ್ನೆ. ಅದಕ್ಕೇ ಮೊದ್ಲೇ ಕೇಳಾನ ಅಂತ ಮಾಡ್ದೆ. ಏನೂ ಎಡವಟ್ಟಾಗಲ್ಲ ಅಲ್ವಾ?’

‘ಒಂದಿಷ್ಟೂ ಆಗಲ್ಲ. ನನ್ನ ಮೇಲೆ ಬಿಡಿ,’ ಎಂದೆ. ಎಷ್ಟು ಧಿಮಾಕಿನಿಂದ ಹೇಳಿದೆನೆಂದರೆ ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಾನೂ ಹೀಗೆ ಎಂದು ಮಾತ್ರ ಅವರಿಗೆ ಹೇಳಲಿಲ್ಲ. ಫೋನಿನಲ್ಲಿ ನಾನು ನಿಂತಿದ್ದೇನೋ ಕೂತಿದ್ದೇನೋ ಯಾರಿಗೂ ಕಾಣುವುದಿಲ್ಲ. ಎಲ್ಲರಂತೆ ಒಬ್ಬಳಾಗಿ ಮಾತಾಡುವ ಆ ಸುಖಕ್ಕಾಗಿಯೇ ನನಗೆ ಫೋನೆಂದರೆ ಇಷ್ಟ.

ಮರುದೇವಮ್ಮನಿಗಾಗಿ ಗೇಟಿನಿಂದ ಮೇಜಿನವರೆಗೆ ಕೈ ಹಿಡಿದು ನಡೆಯಲು ಹಗ್ಗ ಕಟ್ಟಿಸಿದೆ. ಟಾಯ್ಲೆಟ್ಟಿಗೂ ಒಂದು ಹಗ್ಗ. ಅವರ ಮೇಜು ಬಾಗಿಲಿಗೆ ಹತ್ತಿರದ್ದು. ಊಟ ಅವರಿದ್ದಲ್ಲಿಗೇ ಬರಬೇಕು. ಒಳ್ಳೆಯ ಕುರ್ಚಿ, ಕುರ್ಚಿಗೆ ದಿಂಬು. ಆಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಯೋಚಿಸಿದ್ದೆ.

ಎರಡು ದಿನದ ಮೇಳ. ಮೊದಲ ದಿನ, ಭಾನುವಾರ ಬೆಳಿಗ್ಗೆ, ಜನ ಜಾತ್ರೆಯ ಹಾಗೆ ಸೇರಿದರು. ಅರಕಲಗೂಡಿನಿಂದ ಒಂದು ವ್ಯಾನು ತುಂಬ ಚೌಕಾಬಾರದವರು, ಹೊಳೆನರಸೀಪುರದ ಹೆಂಗಸರ ದಂಡು, ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು. ಇಳಿಜಾರಿನಲ್ಲಿ ನನ್ನ ಗಾಡಿಯನ್ನು ನಾನೇ ಏರಿಸಿಕೊಂಡು ಹೋದಾಗ ಕಣ್ಣಲ್ಲಿ ನೀರು ಬಂತು. ಯಾರೂ ಎತ್ತಲಿಲ್ಲ, ಯಾರೂ ತಳ್ಳಲಿಲ್ಲ. ಎಲ್ಲರ ಹಾಗೆ ಬಾಗಿಲಿಂದ ಒಳಗೆ ಹೋದೆ.

ಹನ್ನೊಂದು ಗಂಟೆಗೆ ಉದ್ಘಾಟನೆ. ಕೀರ್ತಿರಾಜ್ ಮೈಕು ಹಿಡಿದರು. ‘ಈ ಮೇಳದ ಹಿಂದಿನ ಶಕ್ತಿ, ಕಾಲಿಲ್ಲದಿದ್ದರೂ ಛಲ ಬಿಡದ ನಮ್ಮ ನಿಧಿ ಮೇಡಂ ಅವರನ್ನು...’ ಎಂದು ಶುರುಮಾಡಿದರು. ತಿರುಗಿ ನೋಡಿದರೆ ವೇದಿಕೆಗೂ ಒಂದು ಇಳಿಜಾರು ಹಾಕಿಸಿದ್ದಾರೆ, ನನಗೆ ಹೇಳದೆ, ಅದಕ್ಕೆ ಚೆಂಡು ಹೂವಿನ ಅಲಂಕಾರ ಬೇರೆ! ಯಾರೋ ಹಿಂದಿನಿಂದ ನನ್ನ ಗಾಡಿ ತಳ್ಳಿಯೇಬಿಟ್ಟರು. ಶಾಲು, ಹಾರ, ತಲೆಗೆ ಪೇಟ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು ‘ಪಾಪ’ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

‘ಶಾಲು ಇಲ್ಲ ಅಂದಿದ್ರಲ್ರೀ?’ ಎಂದು ಹಲ್ಲು ಕಚ್ಚಿ ಕೇಳಿದೆ.

‘ಸರ್ಪ್ರೈಸು ಮೇಡಂ,’ ಎಂದು ಕೀರ್ತಿರಾಜ್ ಫೋಟೋಗೆ ನಕ್ಕರು. ಆ ಮನುಷ್ಯನಿಗೆ ಅದರಲ್ಲಿ ತಪ್ಪೇನಿದೆ ಎಂದು ದೇವರಾಣೆ ಗೊತ್ತಿರಲಿಲ್ಲ.

ಪೇಟ ಕಿತ್ತು ಮಡಿಲಿಗೆ ಹಾಕಿಕೊಂಡು ನೇರ ಅಳಗುಳಿ ಮಣೆಯ ಮೇಜಿಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿದ್ದಾಗಲೇ ಮೊದಲ ಆಟ ಮರುದೇವಮ್ಮನದು ಬಂತು.

ಬಿಳಿ ಸೀರೆಗೆ ಸಣ್ಣ ಹಸಿರು ಅಂಚು, ಕಟ್ಟಿದ ತುರುಬು, ತೆಳ್ಳನೆಯ ಹೆಂಗಸು. ಉದ್ಘಾಟನೆಯೆಲ್ಲ ಮುಗಿದ ಮೇಲೆ ತಲುಪಿ, ಹಗ್ಗ ಹಿಡಿದು ತಾವೇ ನಡೆದು ಬಂದಿದ್ದರು. ಹಿಂದೆ ಮಗ ಅರಿಹಂತ್, ನಲವತ್ತರ ಆಸುಪಾಸು, ಕೈ ಮುಂದೆ ಚಾಚಿಕೊಂಡೇ ಬರುತ್ತಿದ್ದ. ಎದುರಾಳಿ ಹೊಳೆನರಸೀಪುರದ ಕಮಲಾಕ್ಷಮ್ಮ, ಹೋದ ವರ್ಷ ಗೆದ್ದವರು, ಬಾಯಿ ಜೋರು. ಮರುದೇವಮ್ಮ ಕುರ್ಚಿಯಲ್ಲಿ ಕೂತು ಮಣೆಯ ಅಂಚು ಸವರಿದರು. ಮುಖ ಮದುವೆಗೆ ಬಂದವರ ಹಾಗೆ ಅರಳಿತ್ತು.

ಆಮೇಲೆ ಎರಡೂ ಕೈ ಮಣೆಯ ಮೇಲಿಟ್ಟು, ಹತ್ತೂ ಬೆರಳಿಂದ ಗುಳಿಯಿಂದ ಗುಳಿಗೆ ಸರಸರನೆ ಹೋದರು. ತಮ್ಮ ಕಡೆಯದು ಏಳು, ಎದುರಿನದು ಏಳು. ಬೆರಳು ಒಂದೊಂದು ಗುಳಿಯಲ್ಲೂ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

‘ಅಯ್ಯೋ, ಅದೇನದು!’ ಕಮಲಾಕ್ಷಮ್ಮ ಕೂಗಿದರು. ‘ಎಣುಸ್ತಾವ್ರೆ ನೋಡ್ರಿ ಅಂಪೈರಮ್ಮ! ಅಂಗಾರೆ ನಾನೂ ಮುಟ್ಟಿ ಎಣುಸ್ಲಾ?’

‘ಮುಟ್ದೆ ಎಂಗವ್ವಾ ನೋಡ್ಲಿ ನಾನು?’ ಎಂದರು ಮರುದೇವಮ್ಮ. ನಗುತ್ತಲೇ ಹೇಳಿದರು.

ಕಮಲಾಕ್ಷಮ್ಮ ಆಗ ಅವರ ಕಣ್ಣುಗಳನ್ನು ನೋಡಿದರು. ದನಿ ತಟ್ಟನೆ ಇಳಿಯಿತು. ‘ಓ... ಗೊತ್ತಾಗ್ಲಿಲ್ಲ ಕಣಕ್ಕ. ಪಾಪ, ಓಗ್ಲಿ ಬುಡ್ರಿ ಅಂಪೈರಮ್ಮ. ಕಣ್ಣಿಲ್ದೋರು, ಮುಟ್ಕಳ್ಲಿ. ನಾನೇನೂ ಅನ್ಕಳಕಿಲ್ಲ. ಪಾಪ.’

ಆ ‘ಪಾಪ’ ನನ್ನ ತಲೆಗೆ ಹತ್ತಿತು. ಅರ್ಧ ಗಂಟೆಯ ಹಿಂದೆ ನನ್ನ ಹೆಗಲಿಗೆ ಬಿದ್ದ ಶಾಲಿನದೇ ಮಾತು ಅದು.

‘ಪಾಪ ಗೀಪ ಎಲ್ಲ ಇಲ್ಲಿ ಬೇಡ,’ ಎಂದೆ. ಸಾಮಾನ್ಯ ದನಿಯಲ್ಲ, ಸುತ್ತಲಿನ ನಾಲ್ಕು ಮೇಜಿನವರು ತಿರುಗಿ ನೋಡುವ ದನಿ. ‘ಯಾರ ಕನಿಕರವೂ ಯಾರಿಗೂ ಬೇಕಾಗಿಲ್ಲ. ರೂಲ್ಸು ಎಲ್ರಿಗೂ ಒಂದೇ. ಗುಳಿಗೆ ಬೆರಳಿಟ್ರೆ ಅದನ್ನೇ ಆಡ್ಬೇಕು. ಆಗಲ್ಲ ಅನ್ನೋರು ಆಟಕ್ಕೆ ಬರಬಾರ್ದು.’

ಇಷ್ಟು ಹೇಳಿ ನಾನು, ಏನೆಂದುಕೊಂಡೆ ಗೊತ್ತೆ? ಆ ಮುದುಕಿಯ ಮಾನ ಕಾಪಾಡಿದೆ ಎಂದುಕೊಂಡೆ. ರಿಯಾಯಿತಿ ಇಲ್ಲದೆ ಆಡುವ ಗೌರವ ಕೊಟ್ಟೆ ಎಂದುಕೊಂಡೆ. ನನಗೆ ಯಾರಾದರೂ ಹಾಗೆ ಅಂದಿದ್ದರೆ ಕೈ ಮುಗಿಯುತ್ತಿದ್ದೆ ಎಂದು ಒಳಗೊಳಗೇ ಬೀಗಿದೆ.

ಮರುದೇವಮ್ಮನ ನಗು ಹೋಯಿತು. ಕೈಗಳನ್ನು ಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಆಯ್ತವ್ವಾ,’ ಎಂದರು.

‘ಅಮ್ಮ, ಬನ್ನಿ ಹೋಗಾನ,’ ಎಂದ ಅರಿಹಂತ್.

‘ತಡಿಯಪ್ಪ. ಆಡ್ತೀನಿ.’

ಆಡಿದರು. ಬೀಜ ಬೀಳುವ ಸದ್ದು ಕೇಳಿ ಲೆಕ್ಕ ಇಟ್ಟುಕೊಳ್ಳಲು ಕತ್ತು ಮುಂದೆ ಬಾಗಿಸಿ ಕಿವಿಗೊಟ್ಟರು. ಆದರೆ ಕೀರ್ತಿರಾಜ್ ಮೈಕಿನಲ್ಲಿ ದಾನಿಗಳ ಹೆಸರು ಓದುತ್ತಿದ್ದರು. ಚೆಸ್ಸಿನ ಕಡೆ ಚಪ್ಪಾಳೆ, ಹುಡುಗರ ಮೇಜಿನಿಂದ ಕೇಕೆ. ಅವರ ಬೆರಳು ಗಾಳಿಯಲ್ಲಿ ಒಂದು ಗುಳಿ ಹುಡುಕಿ ಇನ್ನೊಂದರ ಅಂಚಿಗೆ ತಾಗುತ್ತಿತ್ತು. ತಾಗಿದ್ದನ್ನೇ ಆಡಬೇಕಲ್ಲ. ಒಂದು ಸಲ ಬರಿಗುಳಿಗೆ ಬೆರಳಿಟ್ಟರು. ಯಾರೋ ಕಿಸಕ್ಕೆಂದರು. ‘ಬರಿಗುಳಿ, ನಿಮ್ಮ ಸರದಿ ಹೋಯ್ತು,’ ಎಂದು ಹೇಳಿದವಳೂ ನಾನೇ. ಅವರ ಹಣೆಯಲ್ಲಿ ಬೆವರಿತ್ತು. ಕಮಲಾಕ್ಷಮ್ಮ ತಲೆ ತಗ್ಗಿಸಿಕೊಂಡು, ಬೇಗ ಮುಗಿದರೆ ಸಾಕು ಎನ್ನುವ ಹಾಗೆ ಆಡಿ ಗೆದ್ದರು. ಗೆದ್ದದ್ದಕ್ಕೆ ಅವರಿಗೂ ಮುಖವಿರಲಿಲ್ಲ.

ಮರುದೇವಮ್ಮ ಎದ್ದರು. ನನ್ನ ದನಿ ಬಂದಿದ್ದ ಕಡೆಗೆ, ಆದರೆ ನನ್ನ ತಲೆಯ ಮೇಲಿನ ಗಾಳಿಗೆ, ಕೈ ಮುಗಿದರು. ನಾನು ನಿಂತಿದ್ದೇನೆ ಎಂದುಕೊಂಡಿರಬೇಕು.

‘ತಪ್ಪಾಯ್ತು ಕಣವ್ವಾ, ತೊಂದ್ರೆ ಕೊಟ್ಟೆ,’ ಎಂದರು.

ಮಗ ಹಗ್ಗ ಹಿಡಿಯಲು ಬಿಡದೆ, ರಟ್ಟೆ ಹಿಡಿದು ಕರೆದುಕೊಂಡು ಹೋದ. ಊಟಕ್ಕೂ ನಿಲ್ಲಲಿಲ್ಲ. ಅವರಿಗೆಂದೇ ಮಾಡಿಸಿದ್ದ ಪಲ್ಯ ಡಬ್ಬಿಯಲ್ಲಿ ಹಾಗೇ ಉಳಿಯಿತು. ಸೋತವರಿಗೆ ಬೇಸರ ಇದ್ದದ್ದೇ ಎಂದು ನಾನು ಮುಂದಿನ ಆಟ ಕರೆದೆ.

ಮುಂದಿನ ಆಟದಲ್ಲೂ ಕಮಲಾಕ್ಷಮ್ಮನೇ ಇದ್ದರು. ಸರದಿ ಬಂದಾಗ ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಣೆಯ ಮೇಲೆ ಬಾಗಿದರು. ಕಣ್ಣು ಒಂದು ಗುಳಿಯಿಂದ ಇನ್ನೊಂದಕ್ಕೆ ಸರಿಯಿತು. ಪ್ರತಿ ಗುಳಿಯಲ್ಲೂ ಒಂದು ಕ್ಷಣ ನಿಂತು, ಮುಂದಕ್ಕೆ. ತುಟಿ ಅಲ್ಲಾಡುತ್ತಿತ್ತು. ‘ಮೂರು... ಐದು... ಎರಡು...’

ಎಣಿಸುತ್ತಿದ್ದರು.

ಎದುರಿನವಳೂ ಎಣಿಸುತ್ತಿದ್ದಳು. ಪಕ್ಕದ ಮಣೆಯವರೂ. ಎಲ್ಲರೂ, ನನ್ನ ಕಣ್ಣೆದುರೇ, ಮೊದಲ ಆಟದಿಂದಲೂ ಎಣಿಸುತ್ತಲೇ ಇದ್ದರು. ಕಣ್ಣಲ್ಲಿ ಎಣಿಸಬಾರದು ಎಂದು ನಾನು ಎಲ್ಲಿ ಬರೆದಿದ್ದೆ? ಕಣ್ಣಿದ್ದವರು ನೋಡುವುದಕ್ಕೆ ನೋಟ ಎಂದು ಹೆಸರಿಟ್ಟು, ಒಬ್ಬಾಕೆ ನೋಡುವುದಕ್ಕೆ ಮೋಸ ಎಂದು ಹೆಸರಿಟ್ಟಿದ್ದೆ. ಮೆಟ್ಟಿಲು ಹತ್ತುವುದು ಎಲ್ಲರಿಗೂ ಒಂದೇ, ಆಗದವರು ಬರಬೇಡಿ ಎಂದು ಹೋದ ವರ್ಷ ಯಾರಾದರೂ ನನಗೆ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಯಾರೂ ಅಂದಿರಲಿಲ್ಲ. ಎತ್ತಿಕೊಂಡು ಹೋಗುತ್ತೇವೆ ಎಂದಾದರೂ ಅಂದಿದ್ದರು. ಆಗದವರು ಬರಬೇಡಿ ಅಂದವಳು ನಾನೊಬ್ಬಳೇ.

ತಲೆ ಎತ್ತಿದರೆ ಎದುರಿಗೇ ಬ್ಯಾನರು, ಎಲ್ಲರಿಗೂ ಆಟ. ಆ ಕ್ಷಣ ಅಲ್ಲಿಂದ ಮಾಯವಾಗಿಬಿಡಬೇಕು ಅನ್ನಿಸಿತು. ಇನ್ನೊಬ್ಬರ ಕೈಗೆ ಅಂಪೈರಿನ ಸೀಟಿ ಕೊಟ್ಟು, ನಾನೇ ಅಗಲ ಮಾಡಿಸಿದ ಬಾಗಿಲಿನ ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡು ಕೂತೆ. ಅಳು ಕೂಡ ಬರಲಿಲ್ಲ, ಅಷ್ಟು ನಾಚಿಕೆ.

ಸಂಜೆ ಕೀರ್ತಿರಾಜ್‌ಗೆ ಹೇಳಿದೆ. ಅವರು ನಿಜಕ್ಕೂ ನೊಂದುಕೊಂಡರು. ‘ಛೆ ಛೆ, ಹಾಗಾಗಬಾರ್ದಿತ್ತು. ಒಂದ್ ಕೆಲ್ಸ ಮಾಡಾಣ ಮೇಡಂ, ಆ ಯಮ್ಮನ್ನ ನಾಳೆ ಸಮಾರೋಪಕ್ಕೆ ಕರ್ಸಿ ಒಂದು ಶಾಲು...’

ನಾನು ನೋಡಿದ ನೋಟಕ್ಕೆ ಅವರು ಮಾತು ಅಲ್ಲಿಗೇ ನುಂಗಿಕೊಂಡರು.

ಮರುದೇವಮ್ಮನ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಮಗ. ‘ಮೇಡಂ, ದಯವಿಟ್ಟು ಬಿಟ್ಬಿಡಿ. ನಾನೇ ಬೇಡ ಅಂದಿದ್ದೆ, ಅವ್ರೇ ಹಟ ಮಾಡಿ ಬಂದ್ರು. ಈಗ ಮಣೆನ ಅಟ್ಟದ ಮೇಲೆ ಇಡು ಅಂದವ್ರೆ. ಇನ್ಮೇಲೆ ಅವ್ರು ಎಲ್ಲಿಗೂ ಬರಲ್ಲ,’ ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮೇಳ ಮೇಳದ ಪಾಡಿಗೆ ಬಿಟ್ಟು ಚನ್ನರಾಯಪಟ್ಟಣಕ್ಕೆ ಹೊರಟೆ. ನನ್ನದು ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂರಿಸಿದ ಸ್ಕೂಟರು. ವೀಲ್‌ಚೇರು ಅದರ ಮೇಲೆ ಹೇರಲಾಗುವುದಿಲ್ಲ. ಇಳಿಯುವ ಹಾಗಿಲ್ಲ ಎಂದು ಗೊತ್ತಿದ್ದೇ ಹೋದೆ. ಹೈವೇಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ಸ್ಕೂಟರು ಅಲುಗುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಒಂದು ಮಾತೂ ಸರಿ ಕೂರಲಿಲ್ಲ. ತಪ್ಪಾಯಿತು ಎಂದು ಹೇಳಿ ಅಭ್ಯಾಸವಿದ್ದರೆ ತಾನೆ? ನನ್ನ ಹತ್ತಿರ ತಪ್ಪಾಯಿತು ಎನ್ನುತ್ತಿದ್ದವರೆಲ್ಲ ಬೇರೆಯವರು.

ಪಾತ್ರೆ ಅಂಗಡಿಯಲ್ಲಿ ಕೇಳಿ ಮನೆ ಹಿಡಿದೆ. ಬೀದಿಗೆ ಅಂಟಿಕೊಂಡೇ ಎತ್ತರದ ಜಗಲಿ, ಕಡಿದಾದ ಕಲ್ಲು ಮೆಟ್ಟಿಲು. ಕೆಳಗೆ ಪಾತ್ರೆ ತುಂಬಿದ ಲಗೇಜ್ ಆಟೋ ನಿಂತಿತ್ತು. ಅರಿಹಂತ್ ಅದರ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ನೋಡಿ ಮುಖ ಗಂಟಿಕ್ಕಿದ.

‘ಅಮ್ಮ ಮಲಗವ್ರೆ ಮೇಡಂ.’

‘ಎದ್ದ ಮೇಲೆ ಮಾತಾಡ್ತೀನಿ.’

‘ಅವ್ರಿಗೆ ಮೈ ಹುಷಾರಿಲ್ಲ. ನೀವು ಹೊರಡಿ. ಸ್ವಲ್ಪ ಗಾಡಿ ತೆಗೀರಿ, ನಾನು ಆಟೋ ತೆಗೀಬೇಕು.’

‘ತೆಗೆಯಲ್ಲ,’ ಎಂದು ಕೀ ತಿರುಗಿಸಿ ಸ್ಕೂಟರು ಆರಿಸಿದೆ. ‘ನಿಮ್ಮಮ್ಮನ್ನ ಕರೀರಿ, ತೆಗೀತೀನಿ.’

‘ಇದೊಳ್ಳೆ ಕತೆ ಆಯ್ತಲ್ಲ! ನಿನ್ನೆ ಅಷ್ಟು ಜನರ ಮುಂದೆ ಮಾಡಿದ್ದು ಸಾಲ್ದಾ? ರಾತ್ರಿಯೆಲ್ಲ ಅವ್ರು ಮಾತಾಡ್ಲಿಲ್ಲ ಗೊತ್ತಾ ನಿಮಗೆ? ಅನ್ನ ಕಲಸಿಟ್ರೆ ಕೈಯೇ ಹಾಕ್ಲಿಲ್ಲ.’ ‘ಅದಕ್ಕೇ ನಾನು ಎಲ್ಲೂ ಕಳ್ಸಲ್ಲ. ನನ್ನ ಕೆಟ್ಟವನು ಅಂದ್ಕೋತಾರೆ ಎಲ್ರೂ.’

ಅವನು ಹೇಳಿದ್ದೆಲ್ಲ ನಿಜ. ಅವನ ಹೆದರಿಕೆಯನ್ನು ನಿಜ ಮಾಡಿಕೊಟ್ಟವಳು ನಾನು.

ಗಲಾಟೆ ಕೇಳಿ ಒಳಗಿಂದ ಹೆಜ್ಜೆ ಸದ್ದಾಯಿತು. ಮರುದೇವಮ್ಮ ಬಾಗಿಲುವಾಡ ಹಿಡಿದು ಹೊಸ್ತಿಲ ಒಳಗೇ ನಿಂತರು.

‘ಅಂಪೈರಮ್ಮನ ದನಿ ಅಲ್ವೇನೋ ಅದು?’

‘ನಾನೇ ಅಮ್ಮ, ನಿಧಿ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ಆ ರೂಲ್ಸು ನಾನೇ ಬರೆದಿದ್ದು, ಅದೇ ತಪ್ಪು. ನೀವು ಮುಟ್ಟಿದ್ದು ಎಣಿಸೋಕಲ್ಲ, ನೋಡೋಕೆ. ಅಷ್ಟು ನನಗೆ ತಿಳೀಲಿಲ್ಲ. ಅಷ್ಟು ಜನರ ಮುಂದೆ ನಿಮ್ಮನ್ನ...’

‘ಅಯ್ಯೋ, ಅಷ್ಟಕ್ಕೆ ಆಸನ್ದಿಂದ ಬಂದ್ರಾ?’ ಎಂದರು ಅವರು. ದನಿ ತಣ್ಣಗೆ, ಮರ್ಯಾದೆಯಾಗಿ, ಬಾಗಿಲು ಹಾಕಿದ ಹಾಗೆ ಇತ್ತು. ‘ನಿಮ್ದೇನವ್ವಾ ತಪ್ಪು? ರೂಲ್ಸ್ ಅಂದ್ಮೇಲೆ ರೂಲ್ಸು. ನಂಗೇನೂ ಬೇಜಾರಿಲ್ಲ. ನಾನೇ ಬರಬಾರ್ದಿತ್ತು.’

ಆ ಮಾತು ನನಗೆ ಚೆನ್ನಾಗಿ ಗೊತ್ತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಊಟದ ಹಾಲು ಮಹಡಿಯ ಮೇಲೆ ಎಂದು ಗೊತ್ತಾದಾಗ ನಾನೂ ಹೀಗೇ ನಗುತ್ತ, ಪರವಾಗಿಲ್ಲ, ನಾನೇ ಬರಬಾರದಿತ್ತು ಎಂದಿದ್ದೆ. ಬ್ಯಾಂಕಿನ ಮುಂದೆ ಅಂದಿದ್ದೆ, ಓದಿದ ಕಾಲೇಜಿನ ಮುಂದೆ ಅಂದಿದ್ದೆ. ಇವತ್ತು ಅದನ್ನು ಇನ್ನೊಬ್ಬರ ಬಾಯಿಂದ ಆಡಿಸಿದ್ದೆ.

‘ಬೀದೀಲಿ ಯಾಕೆ ನಿಂತೀರಿ? ಬನ್ರವ್ವಾ, ಒಳಗೆ ಬನ್ನಿ, ಮಜ್ಜಿಗೆ ಕುಡ್ದು ಓಗ್ರಿ,’ ಎಂದರು ಮರುದೇವಮ್ಮ.

‘ಬರೋಕಾಗಲ್ಲ ಅಮ್ಮ.’

‘ಯಾಕವ್ವಾ? ನಮ್ ಮನೆ ಮಜ್ಜಿಗೆ ಕುಡಿಯಲ್ವಾ?’

‘ಅಲ್ಲಮ್ಮ. ಮೆಟ್ಟಿಲು ಹತ್ತೋಕಾಗಲ್ಲ ನನಗೆ. ಕಾಲಿಗೆ ಬಲ ಇಲ್ಲ, ಹುಟ್ಟಿನಿಂದ. ಸ್ಕೂಟರ್ ಮೇಲೆ ಕೂತಿದೀನಿ, ಇಳಿಯೋಕೂ ಆಗಲ್ಲ. ನಿನ್ನೆನೂ ನಾನು ನಿಂತಿರ್ಲಿಲ್ಲ, ವೀಲ್‌ಚೇರಲ್ಲಿ ಕೂತಿದ್ದೆ.’

ಮರುದೇವಮ್ಮ ಮಗನ ಕಡೆ ಮುಖ ತಿರುಗಿಸಿದರು. ‘ಔದೇನ್ಲಾ?’

‘ಹೂಂ ಅಮ್ಮ,’ ಎಂದ ಅರಿಹಂತ್.

ಅವರು ಬಾಗಿಲುವಾಡ ಬಿಟ್ಟು ಜಗಲಿಗೆ ಒಂದು ಹೆಜ್ಜೆ ಇಟ್ಟರು.

‘ಅಂಗಾರೆ, ನಿನಗೂ ಗೊತ್ತಾಗ್ಲಿಲ್ವಾ?’

ಫೋನಿನಲ್ಲಿ, ಮೇಜಿನ ಮುಂದೆ, ಇಷ್ಟು ಹೊತ್ತಿನವರೆಗೂ ‘ನೀವು’ ಎನ್ನುತ್ತಿದ್ದವರು ಈಗ ‘ನಿನಗೂ’ ಎಂದಿದ್ದರು.

‘ಕಣ್ಣು ಕಾಲು ಎಲ್ಲಾ ನೆಟ್ಟಗಿರೋರು ಅಂದಿದ್ರೆ, ತಿಳೀದೆ ಅಂದವ್ರೆ ಅಂತ ಬಿಡ್ತಿದ್ದೆ. ರಾತ್ರಿಯೆಲ್ಲ ಅಂಗೇ ಸಮಾಧಾನ ಮಾಡ್ಕಂಡೆ. ನೀನು ಎಂಗ್ ಅಂದೆ ಅದನ್ನ? ಆ?’ ದನಿಯ ತಣ್ಣನೆಯೆಲ್ಲ ಹೋಗಿತ್ತು. ‘ಬೇಜಾರಿಲ್ಲ ಅಂದದ್ದು ಸುಳ್ಳು. ಭಾಳ ಬೇಜಾರಾಗೈತೆ ನಂಗೆ. ಸತ್ತೋಗಾನ ಅನ್ನುಸ್ತು ಅಲ್ಲಿ. ತಡಿ, ಅಲ್ಲಿಗೇ ಬತ್ತೀನಿ.’

ಅರಿಹಂತ್ ಹಗ್ಗ ಬಿಟ್ಟು ಓಡಿದ. ‘ಅಮ್ಮ, ಮೆಟ್ಲು! ಕೈ ಕೊಡಿ.’

‘ಬಿಡ್ಲಾ ಕೈಯ್ಯ!’

ಗೋಡೆ ಸವರಿಕೊಂಡು, ಬರಿಗಾಲಿನಲ್ಲಿ ಪ್ರತಿ ಮೆಟ್ಟಿಲಿನ ಅಂಚನ್ನೂ ತಡವಿ ನೋಡಿಕೊಂಡು, ಮರುದೇವಮ್ಮ ಇಳಿದರು. ಬೀದಿಗೆ ಬಂದು ಕೈ ಮುಂದೆ ಚಾಚಿದರು. ಕೈಗೆ ಮೊದಲು ಸ್ಕೂಟರಿನ ಕನ್ನಡಿ ಸಿಕ್ಕಿತು, ಆಮೇಲೆ ನನ್ನ ಮೊಣಕಾಲು. ಸಣ್ಣ, ಸೊರಗಿದ ಮೊಣಕಾಲು. ಅಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತೋಳು ಹಿಡಿದು ಹೆಗಲು ಸಿಗುವವರೆಗೂ ಬಂದು, ಅಲ್ಲಿ ಗಟ್ಟಿಯಾಗಿ ಹಿಡಿದರು.

‘ಈಗ ಹೇಳು. ಯಾವ ಬಾಯಲ್ಲಿ ಅಂದೆ ನೀನು, ಆಗಲ್ಲ ಅನ್ನೋರು ಬರಬಾರ್ದು ಅಂತ? ನಿಂಗೆ ಯಾರಾರ ಅಂಗೆ ಅಂದಿದ್ರೆ ಎಂಗಿರ್ತಿತ್ತು? ಹೇಳು ಮತ್ತೆ!’

ನಾನು ತಲೆ ತಗ್ಗಿಸಿ ಕೂತಿದ್ದೆ. ಎದುರು ಮನೆಯವರು ಹೊರಗೆ ಬಂದರು, ಪಕ್ಕದ ಮನೆಯ ಕಿಟಕಿ ತೆರೆಯಿತು. ‘ಮರುದೇವಮ್ಮನೇನ್ರೇ ಅದು, ಬೀದಿಗೆ ಬಂದವ್ರಲ್ಲ!’ ಎಂದು ಯಾರೋ ಯಾರಿಗೋ ಹೇಳಿದರು. ಅವರು ಯಾವುದಕ್ಕೂ ಕಿವಿಗೊಡದೆ, ನನ್ನ ಹೆಗಲು ಅಲುಗಿಸಿ ಅಲುಗಿಸಿ, ಉಸಿರು ತೆಗೆದುಕೊಳ್ಳಲು ಒಮ್ಮೊಮ್ಮೆ ನಿಂತು, ಮತ್ತೆ ಬೈಯುತ್ತಲೇ ಇದ್ದರು. ಅರಿಹಂತ್ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಆಟೋ ತೆಗೆಯಬೇಕಿತ್ತು, ಹೊತ್ತಾಗಿತ್ತು. ಆದರೂ ಒಂದು ಸಲವೂ ಅಮ್ಮನನ್ನು ಒಳಗೆ ಬನ್ನಿ ಎಂದು ಕರೆಯಲಿಲ್ಲ.